ಬಿಚ್ಚಿದ ರಜಾಯಿಗಳು

ಬಾಬಾಬುಡನಗಿರಿ, ಜೂನ್ 1958

ಹಜೀರಾ ಅಕ್ಕನಿಗೆ ಗುಡ್ಡದ ಮೇಲಿಂದ ತಮ್ಮನ ಸಲಾಮು.

ಇಲ್ಲಿ ಯಾತ್ರಿಕರು ತಂಗುವ ಮುಸಾಫಿರಖಾನೆಯ ರಜಾಯಿಗಳನ್ನೆಲ್ಲ ಬಿಚ್ಚಿ ಹತ್ತಿ ಹಿಂಜುತ್ತಿದ್ದೇನೆ. ಬೆಳಿಗ್ಗೆಯಿಂದ ಪಡುವಣ ಕಪ್ಪಿಟ್ಟಿದೆ. ಮಂಜು ಬಾಗಿಲೊಳಗೇ ನುಗ್ಗಿ, ತೇವಕ್ಕೆ ಹತ್ತಿ ಹಿಂಜುವ ಬಿಲ್ಲಿನ ನರ ಸಡಿಲಾಗಿ, ಟಣ್ ಎನ್ನುವ ಬದಲು ಬೊದ್ ಎನ್ನುತ್ತದೆ. ಒಲೆಗೆ ಹಿಡಿದು ಕಾಯಿಸಿ ಕಾಯಿಸಿ ಹೊಡೆಯುತ್ತಿದ್ದೇನೆ. ಕೆಳಗಿನ ತಿರುವಿನಲ್ಲಿ ನಿನ್ನೆಯ ಮಳೆಗೇ ಅರ್ಧ ದಾರಿ ಕುಸಿದಿದೆ.

ಕಾವಲುಗಾರ ಮಕ್ತುಮ್ ಸಾಬರು ನಮ್ಮ ಹರಿಹರದವರೇ. "ಮುನಾಫ್, ಈಗ್ಲೇ ಇಳಿದುಬಿಡಪ್ಪ. ಸಂಜಿಗೆ ದೊಡ್ಡ ಮಳೆ ಐತೆ, ಆಮೇಲೆ ದಾರಿ ಇರಂಗಿಲ್ಲ" ಅಂದರು.

"ನಾನು ಇಳಿದ್ರೆ ಇವ್ರೆಲ್ಲ ಏನು ಹೊದೀಬೇಕ್ರಿ?" ಅಂದೆ.

ಒಳಗೆ ಮುದುಕರು, ಕೂಸುಗಳು ಚಾಪೆಯ ಮೇಲೆ ನಡುಗುತ್ತ ಕೂತಿದ್ದಾರೆ. ಅವರ ಹೊದಿಕೆ ನನ್ನ ಮುಂದೆ ಬರೀ ಹತ್ತಿಯ ರಾಶಿ. ಬಿಚ್ಚಿದವನು ನಾನೇ ತಾನೆ!

ಹರಿಹರದ ಮದುವೆಯ ಗಾದಿ ತಡವಾಗುತ್ತದೆಂದು ಭಾವನಿಗೆ ಹೇಳು. ಬೈದರೆ ಬೈಯಲಿ. ನನಗೆ ಕೆಮ್ಮಿದೆ, ಜ್ವರವಿಲ್ಲ. ಕುದುರೆಯವನು ಕೊನೆಯ ಸಲ ಕೆಳಗಿಳಿಯುತ್ತಿದ್ದಾನೆ, ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಕುದುರೆಯ ಮೇಲೆ ನನಗೂ ಜಾಗವಿದೆಯಂತೆ. ಈ ಕಾರ್ಡು ಮಾತ್ರ ಅವನ ಕೈಲಿ ಹೋಗಲಿ. ನಾನು ಸೂಜಿಗೆ ದಾರ ಪೋಣಿಸುತ್ತೇನೆ.

ಮುನಾಫ್