ಸೊಲ್ಲಾಪುರದಲ್ಲಿ ನಿಂತ ರೈಲು

ಕೃಷ್ಣಾ ದಂಡೆ, ರಾಯಚೂರು ಸೀಮೆ
2151ನೇ ಇಸವಿ, ಮಾರ್ಚ್ 9

ಎರಡು ಸಾವಿರದ ಇನ್ನೂರ ಐವತ್ತೊಂದರಲ್ಲಿ ಈ ಪೆಟ್ಟಿಗೆ ತೆರೆಯುವ ನೀಲಗಂಗಾಳ ವಂಶದ ಮಕ್ಕಳಿಗೆ,

ನಿಮ್ಮ ಹೆಸರುಗಳು ನನಗೆ ತಿಳಿಯವು. ನಾನು ಬರೆಯುತ್ತಿರುವ ಕನ್ನಡ ನಿಮ್ಮ ಕಾಲಕ್ಕೆ ಎಷ್ಟು ಉಳಿದಿರುತ್ತದೆಂಬುದೂ ತಿಳಿಯದು. ನೂರು ವರ್ಷದ ಹಿಂದಿನ ಕಾಗದಗಳನ್ನು ಓದುವಾಗ ನಾನೇ ತಡವರಿಸುತ್ತೇನೆ. ‘ಪೆಟ್ರೋಲ್ ಬಂಕ್’ ಎಂದರೇನೆಂದು ಈಚೆಗೆ ಒಬ್ಬರನ್ನು ಕೇಳಿ ತಿಳಿದುಕೊಂಡೆ. ಆದ್ದರಿಂದ ನನ್ನ ಮಾತುಗಳು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನನ್ನ ಹೆಸರು ರೇವಣಸಿದ್ಧ, ವಯಸ್ಸು ಎಪ್ಪತ್ತೊಂಬತ್ತು. ನೀಲಗಂಗಾ ನನ್ನ ತಂಗಿ, ನನಗಿಂತ ಆರು ವರ್ಷ ಚಿಕ್ಕವಳು. ಮನೆಯಲ್ಲಿ ಅವಳನ್ನು ನೀಲಿ ಎನ್ನುತ್ತಿದ್ದೆವು. ಹೋದ ವರ್ಷ ಲಿಥುವೇನಿಯಾ ದೇಶದಲ್ಲಿ ತೀರಿಕೊಂಡಳು. ಅವಳಿಗೆ ನಾನು ಮಾಡಿದ ಒಂದು ಅನ್ಯಾಯವನ್ನು ನಿಮಗೆ ಹೇಳಬೇಕಾಗಿದೆ.

ನಾವು ಹುಟ್ಟಿ ಬೆಳೆದದ್ದು ಹಳೆಯ ಕರೆಂಟ್ ಕಾರ್ಖಾನೆಯೊಂದರ ಕಾಲೊನಿಯಲ್ಲಿ. ಕಾರ್ಖಾನೆ ನಿಂತು ಎಷ್ಟೋ ಕಾಲವಾಗಿತ್ತು, ಚಿಮಣಿಗಳನ್ನು ಕೆಡವಿದ್ದರು; ನೌಕರರ ಮಕ್ಕಳಿಗೆಂದು ಹಿಂದಿನವರು ಹಾಕಿಸಿದ್ದ ಬಾಸ್ಕೆಟ್‌ಬಾಲ್ ಅಂಗಳ ಮಾತ್ರ ಉಳಿದಿತ್ತು. ನಮ್ಮ ಕಡೆ ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ಬಿಸಿಲ ಸೈರನ್ ಆಗುತ್ತದೆ. ಆಮೇಲೆ ಸಂಜೆ ಐದರ ತನಕ ಯಾರೂ ಹೊರಗೆ ಸುಳಿಯುವಂತಿಲ್ಲ. ಮಕ್ಕಳ ಆಟವೆಲ್ಲ ಬೆಳಗಿನ ಎರಡು ಮೂರು ತಾಸಿನಲ್ಲೇ ಮುಗಿಯಬೇಕು. ನೀಲಿ ನಾಲ್ಕು ವರ್ಷದವಳಿದ್ದಾಗಲೇ ಅಪ್ಪ ತೀರಿಹೋಗಿದ್ದ. ಅವ್ವ, ಹೆಸರು ಸಂಗವ್ವ, ಕಾಲೊನಿಯ ನೀರಿನ ಸರದಿ ನೋಡುವ ಕೆಲಸದವಳು. ಯಾವ ಓಣಿಗೆ ಯಾವ ಹೊತ್ತು ನೀರು ಬಿಡಬೇಕೋ ಆ ಹೊತ್ತಿಗೆ ಹೋಗಿ ವಾಲ್ವ್ ತಿರುಗಿಸಬೇಕು. ಆ ಕೆಲಸದವರಿಗೆ ಸೈರನ್ ಲೆಕ್ಕವಿರಲಿಲ್ಲ. ಸುಡುವ ಬಿಸಿಲಲ್ಲೂ ಓಡಾಡಬೇಕಿತ್ತು.

ನೀಲಿ ಹನ್ನೆರಡಕ್ಕೇ ಅವ್ವನಷ್ಟು ಎತ್ತರವಾದಳು, ಹದಿನಾರಕ್ಕೆ ನನ್ನನ್ನೂ ಮೀರಿದಳು. ಆಟದ ನಿಯಮವೊಂದೂ ಅವ್ವನಿಗೆ ಗೊತ್ತಿರಲಿಲ್ಲ. ಆದರೂ ದಿನಾ ಬೆಳಕು ಹರಿಯುವಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ ಬುಟ್ಟಿಯ ಕೆಳಗೆ ನಿಲ್ಲುತ್ತಿದ್ದಳು. ನೀಲಿ ಚೆಂಡು ಹಾಕುವಳು, ಅವ್ವ ಹಿಡಿದು ವಾಪಸ್ ಎಸೆಯುವಳು. ಮುನ್ನೂರು ಸಲ. ಕೈ ನೋಯುವುದಿಲ್ಲವೇ ಎಂದು ನಾನು ಕೇಳಿದರೆ, “ವಾಲ್ವ್ ತಿರುವಿದ ಕೈ ಇದು, ಚೆಂಡು ಏನ್ ಮಾಡ್ತದ” ಎನ್ನುತ್ತಿದ್ದಳು.

ಲಿಥುವೇನಿಯಾದ ವಿಶ್ವವಿದ್ಯಾಲಯವೊಂದು ನೀಲಿಯನ್ನು ಆರಿಸಿಕೊಂಡದ್ದು 2095ರಲ್ಲಿ. ಆ ದೇಶದಲ್ಲಿ ಬಾಸ್ಕೆಟ್‌ಬಾಲ್ ಎಂದರೆ ಊರಿಗೆ ಊರೇ ಅಂಗಡಿ ಮುಚ್ಚಿ ನೋಡುವ ಆಟ. ಅವಳು ಅಲ್ಲಿ ತಂಡಕ್ಕೆ ಆಡಬೇಕು, ಜೊತೆಗೆ ಓದಬೇಕು. ಐದು ವರ್ಷದ ಓದಿನಲ್ಲಿ ಒಂದು ಪರೀಕ್ಷೆ ತಪ್ಪಿದರೂ, ನಡುವೆ ತಂಡ ಬಿಟ್ಟು ಬಂದರೂ ಜಾಗ ಬೇರೆಯವರ ಪಾಲು. ಓದಿಗೆ ಅವಳು ಆರಿಸಿಕೊಂಡದ್ದು ನದಿಗಳ ಶಾಸ್ತ್ರವನ್ನು. ನಮ್ಮ ಕೃಷ್ಣೆ ವರ್ಷದಲ್ಲಿ ಏಳು ತಿಂಗಳು ಬರೀ ಮರಳಾಗಿರುವುದನ್ನು ನೋಡಿ ಬೆಳೆದವಳು. “ಓದಿ ಬಂದು ಇಲ್ಲೇ ಕೆಲಸ ಮಾಡ್ತೀನಿ, ಅಣ್ಣ” ಎಂದಿದ್ದಳು.

ಇಲ್ಲಿ ಯಾನಪಾಲು ಎಂಬುದನ್ನು ವಿವರಿಸಬೇಕು. ವಿಮಾನದಲ್ಲಿ ಹೋಗಲು ಹಣವಿದ್ದರೆ ಸಾಲದು. ಆಕಾಶ ಇನ್ನಷ್ಟು ಬಿಸಿಯಾಗದಿರಲೆಂದು ದೇಶಗಳೆಲ್ಲ ಸೇರಿ ಒಬ್ಬೊಬ್ಬರಿಗೆ ಇಂತಿಷ್ಟೇ ಯಾನವೆಂದು ಪಾಲು ಮಾಡಿದ್ದವು. ಓದಲು ಹೋಗುವವರಿಗೆ ಹೋಗುವ ಪಾಲೊಂದು, ಮತ್ತೆ ಓದು ಮುಗಿಯುವುದರೊಳಗೆ ಒಮ್ಮೆ ಮನೆಗೆ ಬಂದುಹೋಗುವ ಪಾಲೊಂದು, ಅಷ್ಟೆ. ಹೀಗಾಗಿ ನಾವು ಒಬ್ಬರನ್ನೊಬ್ಬರು ನೋಡುತ್ತಿದ್ದದ್ದು ಎದುರುಗೋಡೆಯಲ್ಲಿ. ದೂರದಲ್ಲಿರುವವರನ್ನು ಆಳೆತ್ತರಕ್ಕೆ ತಂದು ನಿಲ್ಲಿಸುವ ಗೋಡೆ ಅದು. ಪ್ರತಿ ಭಾನುವಾರ ನೀಲಿ ನಮ್ಮ ಪಡಸಾಲೆಯ ಗೋಡೆಯಲ್ಲಿ ಬಂದು ನಿಲ್ಲುವಳು. ಹಿಂದೆ ಕಿಟಕಿಯಲ್ಲಿ ಹಿಮ ಕಾಣುವುದು. ಅವ್ವ ರೊಟ್ಟಿ ಬಡಿಯುತ್ತಲೇ ಮಾತಾಡುವಳು. ಮೊದಲ ವರ್ಷ ನೀಲಿಯನ್ನು ಬೆಂಚಿನ ಮೇಲೇ ಕೂರಿಸಿದ್ದರು. ಆ ಭಾಷೆಯಲ್ಲಿ ಪಾಠ ಅರ್ಥವಾಗದೆ ಅತ್ತಳು, ಗಣಿತದಲ್ಲಿ ಕೂದಲೆಳೆಯಲ್ಲಿ ಪಾಸಾದಳು. ಎರಡನೇ ವರ್ಷ ಆಡಿದಳು. ಮೂರನೇ ವರ್ಷ ಅವಳಿಲ್ಲದೆ ತಂಡವಿಲ್ಲ ಎಂಬಂತಾಯಿತು. ಪಂದ್ಯಗಳ ಚಿತ್ರವನ್ನೆಲ್ಲ ಅವ್ವನಿಗೆ ಕಳಿಸುವಳು. ಕಾಲೊನಿಯವರು ನಮ್ಮ ಪಡಸಾಲೆಯಲ್ಲಿ ಸೇರಿ ನೋಡುತ್ತಿದ್ದರು. ನಾನು ಹೊರಗೆ ಹೋದರೆ “ನೀಲಿ ಅಣ್ಣ” ಎಂದು ಜನ ಕರೆಯುತ್ತಿದ್ದರು. ಅದು ನನಗೆ ಹಿತವಾಗಿತ್ತು. ಇದನ್ನು ಮುಚ್ಚಿಡುವುದಿಲ್ಲ.

2098ರ ಮಾರ್ಚಿನಲ್ಲಿ ಅವ್ವ ವಾಲ್ವಿನ ಹತ್ತಿರವೇ ಕುಸಿದಳು. ಬಿಸಿಲಿನಲ್ಲಿ ದುಡಿದವರಿಗೆ ಬರುವ ಮೂತ್ರಪಿಂಡದ ಕಾಯಿಲೆ ಬಹಳ ದಿನದಿಂದ ಒಳಗೇ ಇತ್ತಂತೆ. ಡಾಕ್ಟರು ನನ್ನನ್ನು ಆಚೆಗೆ ಕರೆದು, “ಹದಿನೈದು ದಿನ, ಬಾಳ ಅಂದ್ರ ಇಪ್ಪತ್ತು” ಎಂದರು. ಮನೆಗೆ ಕರೆತಂದೆ.

ನೀಲಿಯ ತಂಡ ಆಗ ಅಂತಿಮ ಸುತ್ತುಗಳಲ್ಲಿತ್ತು. ಫೈನಲ್ ಆದ ಮೂರು ದಿನಕ್ಕೆ ಅವಳ ದೊಡ್ಡ ಪರೀಕ್ಷೆ. ತಿಳಿಸಿದರೆ ಆ ಗಳಿಗೆಯಲ್ಲೇ ಹೊರಡುತ್ತಾಳೆ, ನನಗೆ ಗೊತ್ತಿತ್ತು. ಹೊರಟರೆ ಮೂರು ವರ್ಷದ ಕಷ್ಟವೆಲ್ಲ ನೀರಿಗೆ ಹೋದಂತೆ. ಯೋಚಿಸಿ ಯೋಚಿಸಿ, ತಿಳಿಸಬಾರದೆಂದು ತೀರ್ಮಾನಿಸಿದೆ. ಇಪ್ಪತ್ತಾರು ವರ್ಷದವ ನಾನು, ಯಾರನ್ನೂ ಕೇಳಲಿಲ್ಲ. ಅವ್ವನ ಮುಖ ನೋಡಿದರೆ ನೀಲಿಗೆ ಗೊತ್ತಾಗುತ್ತದೆಂದು, ಎದುರುಗೋಡೆ ಕೆಟ್ಟಿದೆ, ಬರೀ ದನಿಯಲ್ಲೇ ಮಾತಾಡಬೇಕು ಎಂದು ಹೇಳಿದೆ. ಅವ್ವನಿಗೆ ಕೊಡು ಎಂದಾಗಲೆಲ್ಲ ಮಲಗಿದ್ದಾಳೆ ಎಂದೆ, ನೀರು ಬಿಡಲು ಹೋಗಿದ್ದಾಳೆ ಎಂದೆ.

ನಾಲ್ಕನೆಯ ದಿನ ಅವ್ವ ಕಣ್ಣು ಬಿಟ್ಟು ಕೇಳಿದಳು, “ನೀಲಿಗೆ ತಿಳಿಸಿದೇನು?”

“ತಿಳಿಸೀನವ್ವ. ಬರ್ತಾಳ” ಎಂದೆ.

ಆ ಕ್ಷಣಕ್ಕೆ ಅವಳ ಮುಖ ಅರಳಿತು. ಅಷ್ಟಕ್ಕೇ ಮುಗಿಯಿತೆಂದುಕೊಂಡೆ. ಆದರೆ ಅವ್ವ ದಿನಾ ಕೇಳತೊಡಗಿದಳು, “ಈಗ ಎಲ್ಲಿಗೆ ಬಂದಾಳ?” ಮೊದಲ ನಾಲ್ಕು ದಿನ, ಯಾನಪಾಲಿಗೆ ಒಪ್ಪಿಗೆ ಸಿಗಬೇಕು ಎಂದೆ. ಆಮೇಲೆ ವಿಮಾನ ಹತ್ತಿದ್ದಾಳೆ ಎಂದೆ. ಮುಂಬೈಗೆ ಇಳಿದಿದ್ದಾಳೆ, ಬಿಸಿಗಾಳಿಗೆ ರೈಲು ಬಿಟ್ಟಿಲ್ಲ ಎಂದೆ. ಆಮೇಲೆ ರೈಲು ಬಿಟ್ಟಿತು ಎಂದೆ. ಮುಂಬೈಯಿಂದ ರಾಯಚೂರಿಗೆ ಬರುವ ದಾರಿಯ ಒಂದೊಂದು ಸ್ಟೇಷನ್ನೂ ಅವ್ವನಿಗೆ ಬಾಯಿಪಾಠ. ಹಾಗಾಗಿ ರೈಲನ್ನು ಬೇಗ ತರುವಂತಿರಲಿಲ್ಲ. ಸೊಲ್ಲಾಪುರದಲ್ಲಿ ಹಳಿಗಳು ಬಿಸಿಲಿಗೆ ಬಾಗಿವೆ, ರಿಪೇರಿ ಆಗುತ್ತಿದೆ ಎಂದು ಮೂರು ದಿನ ಅಲ್ಲೇ ನಿಲ್ಲಿಸಿದೆ. ಅವ್ವ ಪಾಪ, ರೈಲಿನೊಳಗಿನ ಮಗಳ ಚಿಂತೆ ಮಾಡಿದಳು. “ಬಿಸಲಾಗ ಡಬ್ಬಿ ಕಾದಿರ್ತದ. ನೀರು ಇದ್ದಾವಿಲ್ಲೋ ಅಕಿ ಹಂತ್ಯಾಕ?” ಎಂದಳು. ಇದ್ದಾವ ಎಂದೆ.

ಹದಿನೇಳನೆಯ ದಿನ ಅವಳೇ ಹೇಳಿದಳು, “ರೇವಣ, ಇಷ್ಟೊತ್ತಿಗೆ ವಾಡಿ ದಾಟಿರಬೇಕು.” ಹೌದೆಂದೆ. “ಯಾದಗಿರಿ ಆದ ಮ್ಯಾಲ ಕೃಷ್ಣಾ. ಕೃಷ್ಣಾ ಬಂತಂದ್ರ ಬಂದಂಗ. ಬಿಸಿ ರೊಟ್ಟಿ ಮಾಡ್ಸು, ಅಲ್ಲಿ ಅಕಿಗೆ ರೊಟ್ಟಿ ಸಿಕ್ಕಿಲ್ಲ.” ಪಕ್ಕದ ಮನೆಯವರಿಂದ ರೊಟ್ಟಿ ಮಾಡಿಸಿ ತಂದು ಅವಳಿಗೆ ಕಾಣುವಂತೆ ಇಟ್ಟೆ. ಮರುದಿನ ಬೆಳಿಗ್ಗೆ, ಬಿಸಿಲ ಸೈರನ್ ಆಗುವ ಹೊತ್ತಿಗೆ, ಬಾಗಿಲ ಕಡೆ ಮುಖ ಮಾಡಿಕೊಂಡೇ ಪ್ರಾಣ ಬಿಟ್ಟಳು.

ಸಂಜೆ ಬಿಸಿಲಿಳಿದ ಮೇಲೆ ಮಣ್ಣು ಮಾಡಿದೆವು. ಅದೇ ದಿನ ಫೈನಲ್. ನೀಲಿಯ ತಂಡ ಗೆದ್ದಿತು. ನಾನು ಸ್ನಾನ ಮುಗಿಸಿ ಬರುವಾಗ ಅವಳ ಕರೆ ಬಂತು. ಹಿಂದೆ ಜನರ ಕೂಗು, ಹಾಡು. “ಅಣ್ಣ, ಗೆದ್ದಿವಿ. ಅವ್ವಗ ಕೊಡು” ಎಂದಳು. ಮಲಗಿದ್ದಾಳೆ ಎಂದೆ. “ಎಬ್ಬಸು, ಇವತ್ತೊಂದಿನ ಎಬ್ಬಸು” ಎಂದಳು. ಬೇಡ, ದಣಿದಿದ್ದಾಳೆ ಎಂದೆ.

ಮೂರು ದಿನ ಬಿಟ್ಟು, ಅವಳು ಪರೀಕ್ಷೆಯ ಕೋಣೆಯಿಂದ ಹೊರಬಂದ ಮೇಲೆ ಹೇಳಿದೆ. ಅವಳು ಒಂದೇ ಮಾತು ಕೇಳಿದಳು.

“ಗೋಡಿ ಕೆಟ್ಟಿರಲಿಲ್ಲ, ಹೌದಲ್ಲ?”

ಇದ್ದ ಒಂದು ಪಾಲಿನಲ್ಲಿ ಬಂದಳು. ಒಂಬತ್ತು ದಿನ ಇದ್ದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊರಡುವ ಹಿಂದಿನ ದಿನ ಅವ್ವನ ಗದ್ದುಗೆಯ ಹತ್ತಿರ ಇಬ್ಬರೂ ಕೂತಿದ್ದಾಗ ಮಣ್ಣು ನೋಡುತ್ತಾ ಕೇಳಿದಳು, “ಅವ್ವ ನನ್ನ ಕೇಳಿದ್ಲೇನು?”

ಕೇಳಿದಳು ಎಂದರೆ ಇವಳು ಬದುಕಿರುವಷ್ಟು ದಿನ ಅದನ್ನೇ ನೆನೆದು ಕೊರಗುತ್ತಾಳೆ ಎನಿಸಿತು. ರೈಲಿನ ಕತೆಯನ್ನು ಯಾವ ಬಾಯಿಂದ ಹೇಳಲಿ ಎಂಬ ಹೆದರಿಕೆಯೂ ಇತ್ತು. ಯಾವುದು ಹೆಚ್ಚಿತ್ತೋ ಇಂದಿಗೂ ಹೇಳಲಾರೆ.

“ಇಲ್ಲ. ಅಕಿಗೆ ಎಚ್ಚರನ ಇರಲಿಲ್ಲ” ಎಂದೆ.

“ಛಲೋ ಆತು” ಎಂದು ಎದ್ದಳು.

ವಾಪಸ್ ಹೋಗಿ ಇನ್ನೆರಡು ವರ್ಷ ಆಡಿದಳು. ಆದರೆ ಒಂದು ಪಂದ್ಯದ ಚಿತ್ರವನ್ನೂ ಮನೆಗೆ ಕಳಿಸಲಿಲ್ಲ. ಪದವಿ ಮುಗಿದ ದಿನವೇ ಆಟ ಬಿಟ್ಟಳು. ಆ ದೇಶದ ನದಿಯ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದಳು, ಅಲ್ಲೇ ಪಾಠ ಹೇಳಿದಳು, ಅಲ್ಲೇ ಮದುವೆಯಾದಳು. ಮಗಳಿಗೆ ಸಂಗಾ ಎಂದು ಹೆಸರಿಟ್ಟಳು. ಕೃಷ್ಣೆಯ ದಂಡೆಗೆ ಮತ್ತೆ ಬಂದದ್ದು ಮೂವತ್ತೊಂದು ವರ್ಷದ ಮೇಲೆ, ಅದೂ ಎರಡು ದಿನಕ್ಕೆ. ಆಗ ಊಟ ಮಾಡುತ್ತಾ, ಯಾವುದೋ ಮಾತಿನ ನಡುವೆ, “ನಾ ದೂರ ಹೋದ ಮ್ಯಾಲ ಅವ್ವ ನನ್ನ ಆಶಾ ಬಿಟ್ಟಿದ್ಲು ಅನಸ್ತದ, ಅಣ್ಣ. ಕಡೀಕ ಹೆಸರೂ ತಗೀಲಿಲ್ಲ ನೋಡು” ಎಂದಳು. ನನ್ನ ಕೈಯಲ್ಲಿ ತುತ್ತು ಇತ್ತು. ಅದನ್ನು ಬಾಯಿಗಿಟ್ಟುಕೊಂಡೆ.

ಹೋದ ವರ್ಷ ಅವಳು ಹಾಸಿಗೆ ಹಿಡಿದಾಗ ಸಂಗಾ ನನ್ನನ್ನು ಗೋಡೆಗೆ ಕರೆದಳು. ನನ್ನ ವಯಸ್ಸಿನವರಿಗೆ ಯಾನಪಾಲು ಇಲ್ಲ. ನೀಲಿ ದಿಂಬಿಗೆ ಒರಗಿ ನನ್ನನ್ನೇ ನೋಡುತ್ತಿದ್ದಳು. ಹೇಳಲೇಬೇಕೆಂದು ಬಾಯಿ ತೆರೆದೆ. ಈ ಸಲ ಹೊಳೆಯಲ್ಲಿ ನೀರು ಬೇಗ ಬಂದಿದೆ ಎಂದೆ. ನಕ್ಕಳು. ಎರಡು ದಿನಕ್ಕೆ ಹೋದಳು.

ತಿಂಗಳಾದ ಮೇಲೆ ಸಂಗಾಳಿಗೆ ಎಲ್ಲವನ್ನೂ ಹೇಳಿದೆ. ಅವಳ ಕನ್ನಡ ಅಷ್ಟಕ್ಕಷ್ಟೆ. ಕೇಳಿ ಮುಗಿಸಿ, ಮಾತು ಹುಡುಕಿಕೊಂಡು ಹೇಳಿದಳು, “ಮಾಮಾ, ಅಮ್ಮ ಕೊನೆಗೆ ಕರೆದದ್ದು ಅಜ್ಜಿಯನ್ನು. ಅವ್ವ, ಅವ್ವ ಅಂತ. ಅಜ್ಜಿ ಕೇಳಿದ್ದು ನನಗೆ ಗೊತ್ತಿದ್ದರೆ ಅಮ್ಮನಿಗೆ ನಾನು ಹೇಳುತ್ತಿದ್ದೆ.” ಆಮೇಲೆ, “ಬರೆದಿಡಿ” ಎಂದಳು. ಅದಕ್ಕೇ ಬರೆದೆ.

ನಿಮ್ಮಲ್ಲೂ ಯಾರಾದರೂ ಆಟಕ್ಕೋ ಓದಿಗೋ ದೂರ ಹೋಗುತ್ತೀರಿ. ಹೋಗಿ. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದು ಮಲಗಿದರೆ, ಮನೆಯಲ್ಲಿರುವವರು ಅವತ್ತೇ ತಿಳಿಸಿ. ಪರೀಕ್ಷೆ ಇದ್ದರೂ ತಿಳಿಸಿ, ಫೈನಲ್ ಇದ್ದರೂ ತಿಳಿಸಿ. ಅವರು ಬರಲಿ, ಬಿಡಲಿ. ಅವರ ಪರವಾಗಿ ನೀವು ತೀರ್ಮಾನ ಮಾಡಬೇಡಿ. ನಾನು ಮಾಡಿದೆ, ಐವತ್ಮೂರು ವರ್ಷ ಅದನ್ನು ಹೊತ್ತು ಬದುಕಿದೆ. ಕ್ಷಮೆ ಕೇಳಲು ಇಬ್ಬರೂ ಉಳಿದಿಲ್ಲ, ನಿಮ್ಮನ್ನು ಕೇಳುವುದು ಸರಿಯಲ್ಲ.

ನೀವು ಒಂದು ವಿಷಯ ತಿಳಿದಿದ್ದರೆ ಸಾಕು. ಸಂಗವ್ವ ತನ್ನ ಮಗಳನ್ನು ಕೇಳಿದಳು. ಹದಿನಾಲ್ಕು ದಿನ, ದಿನಾ ಕೇಳಿದಳು.

ರೇವಣಸಿದ್ಧ