ಎಡಕ್ಕೆ ಹೆಗಲು, ಬಲಕ್ಕೆ ದವಡೆ

ಮನೆ, ಅಡುಗೆಮನೆಯ ಮೇಜು
ಮಾರ್ಚ್ 9, ಭಾನುವಾರ ಬೆಳಿಗ್ಗೆ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ ಮಗಳೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ಬಿಸ್ಕತ್ತಿನಲ್ಲೇ ದಿನ ದೂಡುತ್ತಿದ್ದೀಯಾ? ಇಡೀ ದಿನ ನಿಂತು ನಿಂತು ಕಾಲು ಊದುತ್ತದೆ ಎಂದು ಬರೆದಿದ್ದೆ. ಸಂಜೆ ರೂಮಿಗೆ ಹೋದ ಕೂಡಲೇ ಬಿಸಿನೀರಿನಲ್ಲಿ ಹತ್ತು ನಿಮಿಷ ಕಾಲಿಟ್ಟುಕೊಂಡು ಕೂರು. ಮೂವತ್ತೊಂದು ವರ್ಷ ಪ್ರೆಸ್ಸಿನಲ್ಲಿ ನಿಂತೇ ಕೆಲಸ ಮಾಡಿದವಳು ಹೇಳುತ್ತಿದ್ದೇನೆ, ಉಡಾಫೆ ಮಾಡಬೇಡ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ತಾತನ ಮಂಡಿನೋವು ಮೆಟ್ಟಿಲು ಹತ್ತುವಾಗ ಮಾತ್ರ ಬರುತ್ತದೆ, ಕ್ರಿಕೆಟ್ ನೋಡುವಾಗ ಬರುವುದಿಲ್ಲ. ನಿಮ್ಮಮ್ಮ ದಿನಕ್ಕೆ ಎರಡು ಸಲ ನಿನಗೆ ಫೋನ್ ಮಾಡಿ, ನೀನು ಎತ್ತದೆ ಇದ್ದಾಗ ನನ್ನ ಮುಖ ನೋಡುತ್ತಾಳೆ. “ಪರೀಕ್ಷೆ ಹತ್ರ ಬಂತಲ್ಲ, ಓದ್ಕೋತಿರ್ತಾಳೆ ಬಿಡು” ಎಂದು ನಾನೂ ಮೂರು ವಾರದಿಂದ ಅದೇ ಸುಳ್ಳನ್ನು ಒಗೆದು ಒಣಗಿಸಿ ಮತ್ತೆ ಹೊದಿಸುತ್ತಿದ್ದೇನೆ. ನೀನು ನನಗೊಬ್ಬಳಿಗೇ ಬರೆದ ಆ ಪತ್ರ ನನ್ನ ಹೊಲಿಗೆ ಡಬ್ಬಿಯ ತಳದಲ್ಲಿದೆ. ನನ್ನ ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ, ಆದರೆ ಬೀಗ ಹಳೆಯದು ಎನ್ನುವುದು ನಿನಗೂ ಗೊತ್ತಿರಲಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ಸುದ್ದಿ ಕೇಳು, ಹೇಳದೆ ಇರಲು ಆಗುತ್ತಿಲ್ಲ.

ನನ್ನ ಕೂದಲು ಹೆಗಲು ಮುಟ್ಟಿತು! ಹದಿನೈದು ದಿನದ ಹಿಂದೆ ಸ್ನಾನ ಮಾಡಿ ಬಂದು ತಲೆ ಒರೆಸಿಕೊಳ್ಳುತ್ತಿದ್ದೆ, ಕುತ್ತಿಗೆಯ ಕೆಳಗೆ ಏನೋ ತಣ್ಣಗೆ ತಾಗಿದಂತಾಯಿತು. ಹುಳವೇನೋ ಎಂದು ಕೊಡವಿದೆ. ಮತ್ತೆ ತಾಗಿತು. ಕನ್ನಡಿಯಲ್ಲಿ ನೋಡಿದರೆ ನನ್ನದೇ ಕೂದಲು ಕಣೇ! ಅರವತ್ತು ದಾಟಿದವಳು ಟವೆಲ್ ಕೈಯಲ್ಲಿ ಹಿಡಿದು ಹಜಾರದವರೆಗೆ ಓಡಿದೆ. “ಏನಾಯ್ತೇ, ಗೀಸರ್ ಒಡೀತಾ?” ಎಂದು ನಿಮ್ಮ ತಾತ ಎದ್ದೇ ನಿಂತರು. ನಿನಗೆ ಗೊತ್ತಲ್ಲ, ಬೈಂಡಿಂಗ್ ವಿಭಾಗದಲ್ಲಿ ಕೂದಲು ಕಿವಿ ದಾಟುವಂತಿರಲಿಲ್ಲ. ನಾನು ಸೇರುವ ಮುಂಚೆ ಯಾರದೋ ಜಡೆ ಮೆಷಿನ್ನಿನ ಬೆಲ್ಟಿಗೆ ಸಿಕ್ಕಿತ್ತಂತೆ. ಅಂದಿನಿಂದ ಕಟಿಂಗ್ ಮೆಷಿನ್ ಹತ್ತಿರ ನಿಲ್ಲುವವರಿಗೆಲ್ಲ ಒಂದೇ ಕ್ರಾಪು. ಕೆಲಸಕ್ಕೆ ಸೇರಿದ ವರ್ಷ ಕತ್ತರಿಸಿದ್ದು, ಮತ್ತೆ ಬೆಳೆಯಲು ಬಿಟ್ಟಿದ್ದು ನಿವೃತ್ತಿಯ ದಿನವೇ. ಹದಿನಾಲ್ಕು ತಿಂಗಳು ಕಾದಿದ್ದೇನೆ. ಎಲ್ಲರೂ ನಿವೃತ್ತಿಯಾದ ಮೇಲೆ ಊರು ಸುತ್ತುತ್ತಾರೆ, ನಾನು ಕೂದಲು ಬಿಟ್ಟೆ.

ಆದರೆ ಬೆಳೆಸುವ ಕಾಲ ಇದೆಯಲ್ಲ, ಅದು ಶತ್ರುವಿಗೂ ಬೇಡ. ಅತ್ತ ಗಿಡ್ಡವೂ ಅಲ್ಲ, ಇತ್ತ ಉದ್ದವೂ ಅಲ್ಲ. ಹಿಂದಿನ ಕೂದಲು ಅವಸರದಿಂದ ಇಳಿಯುತ್ತದೆ, ಪಕ್ಕದ್ದು ಸೋಮಾರಿ. ಕಿವಿಯ ಮೇಲಿನದು ಹೊರಕ್ಕೆ ಬಾಗಿ ಯಾರನ್ನೋ ಕರೆಯುವ ಹಾಗೆ ನಿಲ್ಲುತ್ತದೆ. ನಾನು ಪ್ರೆಸ್ಸಿನಿಂದ ತಂದಿದ್ದ ಕಪ್ಪು ಕ್ಲಿಪ್ಪುಗಳನ್ನು, ಅದೇ ಕಾಗದದ ಕಟ್ಟಿಗೆ ಹಾಕುತ್ತೇವಲ್ಲ ಅವನ್ನು, ಎರಡೂ ಕಡೆ ಹಾಕಿಕೊಂಡು ಓಡಾಡಿದೆ. “ತಲೆನ ಫೈಲ್ ಮಾಡಿಟ್ಕೊಂಡಿದ್ದೀಯಾ?” ಎಂದರು ತಾತ. ನಿಮ್ಮಮ್ಮ ಮಾತ್ರ ನಯವಾಗಿ, “ಅತ್ತೆ, ನಿಮಗೆ ಮೊದಲಿನ ಕ್ರಾಪೇ ಒಪ್ತಿತ್ತು, ಓರಣವಾಗಿತ್ತು” ಎಂದಳು. ನನ್ನ ಪಕ್ಕದ ಮೇಜಿನಲ್ಲಿ ಮೂವತ್ತು ವರ್ಷ ಪುಸ್ತಕ ಹೊಲಿದ ನಮ್ಮ ಸೂಜಿ ಇದ್ದಾಳಲ್ಲ, ಅವಳಂತೂ ಬಾಗಿಲಲ್ಲೇ ನಿಂತು, “ಏನೇ ಇದು ಅವತಾರ, ಕತ್ತರಿಸಿ ಬಿಸಾಕು” ಎಂದಳು. ಎಲ್ಲರ ಬಾಯಲ್ಲೂ ಒಂದೇ ಮಾತು, ಕತ್ತರಿಸು. ನನಗೋ ಉದ್ದ ಬಿಟ್ಟುಕೊಡದೆ ಮುಖಕ್ಕೆ ಒಪ್ಪುವ ಹಾಗೆ ಒಂದು ರೂಪ ಬೇಕು. ಇಷ್ಟೇ ಆಸೆ. ಅದಕ್ಕಾಗಿ ಹಳೆಯ ವಾರಪತ್ರಿಕೆಗಳ ರಾಶಿಯನ್ನೇ ಹರಡಿಕೊಂಡು, ತಲೆಯ ಚಿತ್ರಗಳನ್ನೆಲ್ಲ ಕತ್ತರಿಸಿ, ಒಂದು ನೋಟ್‌ಬುಕ್ಕಿಗೆ ಅಂಟಿಸಿ, ಅದಕ್ಕೆ ನೀಲಿ ಬಟ್ಟೆಯ ರಟ್ಟು ಹಾಕಿ ಬೈಂಡ್ ಮಾಡಿದೆ. ಪ್ರತಿ ಚಿತ್ರದ ಕೆಳಗೂ ನನ್ನ ಅಭಿಪ್ರಾಯವಿದೆ. “ಚೆಂದ, ಆದರೆ ದಿನಾ ಯಾರು ಬಾಚುತ್ತಾರೆ?” “ಇವಳಿಗೆ ಹಣೆಯೇ ಇಲ್ಲ, ನನಗೆ ಮೈದಾನದಷ್ಟಿದೆ.” “ಇದು ಕೂದಲಲ್ಲ, ಟೋಪಿ.” ತಾತ ಅದನ್ನು ಕದ್ದು ಓದಿ ಒಬ್ಬರೇ ನಗುತ್ತಿದ್ದರು.

ಈಗ ಒಂದು ಅವಾಂತರ ಹೇಳುತ್ತೇನೆ. ನಗಬಹುದು, ಆದರೆ ನಕ್ಕು ಮುಗಿಸಿ ಮುಂದಕ್ಕೆ ಓದು. ಕಳೆದ ಭಾನುವಾರ ಮನೆಯಲ್ಲಿ ಯಾರೂ ಇರಲಿಲ್ಲ. ತುದಿಗಳು ಒಂದು ಸಮ ಇಲ್ಲವಲ್ಲ, ನಾನೇ ಸರಿಮಾಡಿಕೊಂಡರಾಯಿತು ಎಂದು ಹೊಳೆಯಿತು. ಮೂವತ್ತೊಂದು ವರ್ಷ ಲಕ್ಷಾಂತರ ಪುಸ್ತಕಗಳ ಅಂಚು ಕತ್ತರಿಸಿದವಳಿಗೆ ಒಂದು ತಲೆ ಯಾವ ಲೆಕ್ಕ? ಕೂದಲು ಒದ್ದೆ ಮಾಡಿ, ನೀಟಾಗಿ ಬಾಚಿ, ಬಲಗಡೆಯದನ್ನು ಎರಡು ಮರದ ಪಟ್ಟಿಗಳ ನಡುವೆ ಬಿಗಿಯಾಗಿ ಎಳೆದು ಕ್ಲಿಪ್ ಹಾಕಿ, ಸ್ಟೀಲ್ ಸ್ಕೇಲಿನಲ್ಲಿ ಅಳೆದು ಕತ್ತರಿಸಿದೆ. ಅಂಚು ನೋಡಬೇಕಿತ್ತು ನೀನು, ಹೊಸ ಪುಸ್ತಕದ ಹಾಗೆ! ಬೆನ್ನು ತಟ್ಟಿಕೊಳ್ಳುವಷ್ಟರಲ್ಲಿ ಪಕ್ಕದ ಮನೆಯಾಕೆ ಏಣಿ ಕೇಳಲು ಬಂದಳು. ಮಾತಾಡುತ್ತಾ ಅರ್ಧ ಗಂಟೆ ಹೋಯಿತು. ಆಕೆ ಮಾತಿನ ನಡುವೆ ನನ್ನ ಬಲ ಕೆನ್ನೆಯನ್ನೇ ನೋಡುತ್ತಿದ್ದಳು. ವಾಪಸ್ಸು ಕನ್ನಡಿಯ ಮುಂದೆ ಬಂದಾಗ ಗೊತ್ತಾಯಿತು. ನನ್ನ ಕೂದಲು ಸುರುಳಿ ಎನ್ನುವುದೇ ನನಗೆ ಮರೆತುಹೋಗಿತ್ತು. ಕ್ರಾಪಿನಲ್ಲಿ ಅದು ಎಂದಾದರೂ ಗೊತ್ತಾಗಿದ್ದರೆ ತಾನೆ, ಬೆಳೆಯುವಾಗಲೂ ಕ್ಲಿಪ್ಪಿನಲ್ಲೇ ಬಿಗಿದಿಟ್ಟಿದ್ದೆ. ಒಣಗುತ್ತಾ ಒಣಗುತ್ತಾ ಮೇಲಕ್ಕೇರಿ ನೇರವಾಗಿ ದವಡೆಯ ಹತ್ತಿರ ನಿಂತಿದೆ. ಎಡಕ್ಕೆ ಹೆಗಲು, ಬಲಕ್ಕೆ ದವಡೆ. ಒಂದು ಕಡೆಯಿಂದ ನೋಡಿದರೆ ನಾನು, ಇನ್ನೊಂದು ಕಡೆಯಿಂದ ನನ್ನ ತಮ್ಮ.

ಅಲ್ಲೇ ಸ್ಟೂಲಿನ ಮೇಲೆ ಕುಸಿದು ಅತ್ತುಬಿಟ್ಟೆ ಗುಬ್ಬಿ. ಹದಿನಾಲ್ಕು ತಿಂಗಳ ಕೂದಲಿಗಾಗಿ ಮಾತ್ರ ಅತ್ತಿದ್ದಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ದಿನವೇ ನಾನು ಹೇಳಿಕೊಡುತ್ತಿದ್ದ ಪಾಠ ಯಾವುದು ಗೊತ್ತಾ? ಅಂಟು ಹಸಿಯಿರುವ ಪುಸ್ತಕಕ್ಕೆ ಕತ್ತಿ ಹಾಕಬೇಡಿ. ಒದ್ದೆ ಕಾಗದ ಹಿಗ್ಗಿರುತ್ತದೆ, ಆಗ ಅಳತೆ ಸರಿಯಾಗಿ ಕಂಡರೂ ಒಣಗಿದ ಮೇಲೆ ಮೋಸ ಮಾಡುತ್ತದೆ. ಸಾವಿರ ಸಲ ಹೇಳಿದ ಮಾತು ನನ್ನ ತಲೆಯ ವಿಷಯದಲ್ಲೇ ತಲೆಗೆ ಬರಲಿಲ್ಲ. ಆಗ ನಿನ್ನ ಪತ್ರ ನೆನಪಾಯಿತು. ನೀನು ಕೂದಲು ಕತ್ತರಿಸಲು ಕಲಿಯುತ್ತಿರುವ ಶಾಲೆಗೆ ಬಂದ ಆ ಗಿರಾಕಿ ಹೆಂಗಸು ಎರಡು ಬೆರಳು ಸಾಕು ಎಂದದ್ದು, ನೀನು ತೊಳೆದ ಗುಂಗುರು ಕೂದಲನ್ನು ಅಳೆದು ಸರಿಯಾಗಿ ಎರಡೇ ಬೆರಳು ಕತ್ತರಿಸಿದ್ದು, ಒಣಗಿಸಿದ ಮೇಲೆ ಅದು ಕಿವಿಯವರೆಗೆ ಏರಿದ್ದು, ಆಕೆ ಎಲ್ಲರೆದುರು ಅತ್ತದ್ದು. ಅಂದಿನಿಂದ ಕತ್ತರಿ ಹಿಡಿದರೆ ಕೈ ನಡುಗುತ್ತದೆ, ತಲೆ ತೊಳೆಯುವುದು ಮತ್ತು ನೆಲ ಗುಡಿಸುವುದು ಬಿಟ್ಟು ಬೇರೇನೂ ಮಾಡುತ್ತಿಲ್ಲ, ಇಪ್ಪತ್ತನೇ ತಾರೀಖಿನ ಪರೀಕ್ಷೆಯಲ್ಲಿ ನೀನು ಕತ್ತರಿಸಲು ತಲೆ ಕೊಡುತ್ತೇನೆಂದಿದ್ದ ಹಾಸ್ಟೆಲ್ ಹುಡುಗಿಯೂ ಸುದ್ದಿ ಕೇಳಿ ಹಿಂದೆ ಸರಿದಳು, “ಅಜ್ಜಿ, ನಂಗೆ ಈ ಕೆಲಸ ಆಗಲ್ಲ, ವಾಪಸ್ ಬಂದ್ಬಿಡ್ತೀನಿ” ಎಂದು ನೀನು ಬರೆದದ್ದು. ಮೊದಲ ಸಲ ಓದಿದಾಗ, ಪಾಪ, ಸಣ್ಣ ಹುಡುಗಿ, ತಪ್ಪು ಮಾಡಿಕೊಂಡಿದ್ದಾಳೆ ಅಂದುಕೊಂಡಿದ್ದೆ. ಭಾನುವಾರ ಗೊತ್ತಾಯಿತು, ಅದು ಸಣ್ಣ ಹುಡುಗಿಯ ತಪ್ಪಲ್ಲ. ಅಳತೆಯನ್ನು ನಂಬುವವರೆಲ್ಲ ಒಮ್ಮೆ ಮಾಡಿಯೇ ತೀರುವ ತಪ್ಪು ಅದು.

ನಿನಗೆ ಎಂದೂ ಹೇಳಿರದ ಒಂದು ಸಂಗತಿ ಹೇಳುತ್ತೇನೆ, ನಿಮ್ಮ ತಾತನಿಗೂ ಪೂರ್ತಿ ಗೊತ್ತಿಲ್ಲ. ನಾನು ಕಟಿಂಗ್ ಮೆಷಿನ್ನಿಗೆ ಹೋದ ಮೊದಲ ವರ್ಷ ಶಾಲೆಯ ಪಠ್ಯಪುಸ್ತಕದ ನಾನೂರು ಪ್ರತಿಗಳನ್ನು ಹಸಿಯಲ್ಲೇ ಕತ್ತರಿಸಿ, ಪುಟಪುಟದಲ್ಲೂ ಕೊನೆಯ ಸಾಲು ಹಾರಿಸಿಬಿಟ್ಟಿದ್ದೆ. ಮಾರನೆಯ ದಿನ ಕೆಲಸ ಬಿಡುತ್ತೇನೆಂದು ಹೇಳಲು ಹೋದರೆ, ನಮ್ಮ ಮೇಸ್ತ್ರಿ ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಚೀಲದಿಂದ ಒಂದು ಹಳೆಯ ಪುಸ್ತಕ ತೆಗೆದು ಮೆಷಿನ್ನಿನ ಮೇಲಿಟ್ಟರು. ಅವರ ತಂದೆ ಕೈಯಲ್ಲಿ ಬರೆದ ಪುಸ್ತಕ, ಜಗತ್ತಿನಲ್ಲಿ ಇರುವುದು ಅದೊಂದೇ ಪ್ರತಿ. “ಅಂಚೆಲ್ಲ ಹರಿದಿದೆ, ನೀಟಾಗಿ ಕತ್ತರಿಸಿಕೊಡಮ್ಮ” ಎಂದು ಹೇಳಿ ಕೈಕಟ್ಟಿ ಪಕ್ಕದಲ್ಲಿ ನಿಂತರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನನ್ನ ಕೈ ಎಷ್ಟು ನಡುಗಿತೆಂದರೆ ಮೂರು ಸಲ ಅಳೆದೆ. ಆಮೇಲೆ ಕತ್ತರಿಸಿದೆ. ಆ ದಿನ ಉಳಿದದ್ದರಿಂದ ಮೂವತ್ತೊಂದು ವರ್ಷ ಉಳಿದೆ.

ಇರಲಿ, ಮತ್ತೆ ನನ್ನ ತಲೆಗೆ ಬರೋಣ. ಸೋಮವಾರ ತಲೆಗೆ ಸ್ಕಾರ್ಫ್ ಸುತ್ತಿಕೊಂಡು ನಮ್ಮ ರಸ್ತೆ ತಿರುವಿನ ಪಾರ್ಲರಿಗೆ ಹೋದೆ. ಸ್ಕಾರ್ಫ್ ಬಿಚ್ಚಿದ ಕೂಡಲೇ ಆಕೆ ತುಟಿ ಕಚ್ಚಿಕೊಂಡಳು. ನಗು ತಡೆದಳೆಂದು ನನಗೆ ಗೊತ್ತು, ಒಳ್ಳೆಯ ಹೆಂಗಸು. ನನ್ನ ನೀಲಿ ಪುಸ್ತಕವನ್ನು ಆಸಕ್ತಿಯಿಂದ ತಿರುವಿ, ನನ್ನ ಮುಖವನ್ನು ಎರಡು ಕೈಯಲ್ಲಿ ಹಿಡಿದು ನೋಡಿ, “ಅಮ್ಮಾ, ನಿಮ್ಮ ದವಡೆ ಚೌಕ. ಕೂದಲು ಅಲ್ಲೇ ನಿಂತ್ರೆ ಮುಖ ಇನ್ನೂ ಅಗಲ ಕಾಣುತ್ತೆ. ಹಿಂದೆ ಉದ್ದ ಹಾಗೇ ಬಿಟ್ಟು, ಒಳಗೊಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸೋಣ. ಬೈತಲೆ ನಡುವೆ ಬೇಡ, ಎಡಕ್ಕೆ ತಗೊಂಡ್ರೆ ಮೇಲಿನ ಕೂದಲು ಬಲಗಡೆ ಬಿದ್ದು ಆ ಗಿಡ್ಡದ್ದು ಮುಚ್ಚಿಹೋಗುತ್ತೆ” ಎಂದಳು. ಹೇಳುತ್ತಲೇ ಬೈತಲೆ ಎಡಕ್ಕೆ ತೆಗೆದು ತೋರಿಸಿದಳು. ಅಯ್ಯೋ ಗುಬ್ಬಿ, ಕನ್ನಡಿಯಲ್ಲಿ ಯಾರೋ ಹೊಸಬಳು! ಹಣೆ ಅರ್ಧಕ್ಕಿಳಿಯಿತು, ದವಡೆ ಮೆತ್ತಗಾಯಿತು, ಹತ್ತು ವರ್ಷ ಎಲ್ಲಿಗೋ ಹೋಯಿತು. ಇನ್ನೂ ಕತ್ತರಿ ತಾಗದೆಯೇ ಇಷ್ಟು. ಸಂತೋಷದಿಂದ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದೆ, ಅದು ತಿರುಗುವ ಕುರ್ಚಿ ತಾನೆ.

ಆಗಲೇ ತಟ್ಟನೆ ನೆನಪಾಯಿತು. ನೀನು ಹೋದ ದಿನ ಬಸ್ಸಿನ ಬಾಗಿಲಲ್ಲಿ ನಿಂತು, ಹಿಂದಿನವರೆಲ್ಲ ತಳ್ಳುತ್ತಿದ್ದರೂ ಇಳಿದು ಬಂದು, ನನ್ನ ಗಿಡ್ಡ ಕೂದಲನ್ನು ಬೆರಳಿನಿಂದ ಎಡಗಡೆ ಬಿಡಿಸಿ, “ಅಜ್ಜಿ, ನಿನ್ನ ಬೈತಲೆ ಇಲ್ಲಿರಬೇಕು. ಕೂದಲು ದವಡೆ ದಾಟೋವರೆಗೂ ಯಾರ ಹತ್ರಾನೂ ಕತ್ತರಿ ಹಾಕಿಸ್ಕೋಬೇಡ” ಎಂದಿದ್ದೆ. ಆಗ ನೀನು ಒಂದು ದಿನದ ಪಾಠವನ್ನೂ ಕೇಳಿರಲಿಲ್ಲ. ಇಪ್ಪತ್ತು ವರ್ಷದ ಅನುಭವದ ಹೆಂಗಸು ಮುಖ ಹಿಡಿದು, ಹಿಂದೆ ಮುಂದೆ ನೋಡಿ ಹೇಳಿದ್ದನ್ನು ನೀನು ಬಸ್ಸು ಹೊರಡುವ ಗಡಿಬಿಡಿಯಲ್ಲಿ ಒಂದು ಬೆರಳಲ್ಲಿ ಹೇಳಿದ್ದೆ. ಕೈ ನಡುಗುವುದು ನಿಲ್ಲುತ್ತದೆ ಮಗಳೇ, ಆ ಕಣ್ಣು ಮಾತ್ರ ಕಲಿತರೆ ಬರುವಂಥದ್ದಲ್ಲ. ಪಾರ್ಲರಿನಾಕೆ ನನ್ನ ಕೊರಳಿಗೆ ಬಟ್ಟೆ ಕಟ್ಟಿ, ಕತ್ತರಿ ಎತ್ತಿಕೊಂಡಿದ್ದಳು. ನಾನು ಬಟ್ಟೆ ಬಿಚ್ಚಿ ಎದ್ದುನಿಂತೆ. ಆಕೆ ಗಾಬರಿಯಾದಳು. ಮನೆಯಲ್ಲಿ ಒಬ್ಬಳು ಕತ್ತರಿಸುವವಳಿದ್ದಾಳೆ ಎಂದೆ. ಸ್ಕಾರ್ಫ್ ಸುತ್ತಿಕೊಂಡು ಬಂದುಬಿಟ್ಟೆ. ಒಂದು ವಾರದಿಂದ ಎಡಕ್ಕೆ ಹೆಗಲು, ಬಲಕ್ಕೆ ದವಡೆ ಇಟ್ಟುಕೊಂಡೇ ತರಕಾರಿ ಅಂಗಡಿಗೂ ಹೋಗುತ್ತಿದ್ದೇನೆ. ನೋಡಿದವರು ನೋಡಲಿ.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಪುಟ ವಿನ್ಯಾಸ ಬರೆಯುವ ಹಾಗೆ ನನ್ನ ತಲೆಯನ್ನು ಮೂರು ಕಡೆಯಿಂದ ಬರೆದು, ಒಣಗಿದಾಗಿನ ಅಳತೆಗಳನ್ನೂ ಹಾಕಿದ್ದೇನೆ. ಮೂಗು ಸರಿಯಾಗಿ ಬಂದಿಲ್ಲ, ಅದನ್ನು ಬಿಡು. ತಾತ ನಿನ್ನನ್ನು ಕೇಳಿದ್ದಾರೆ. ಅಪ್ಪ, ಅಮ್ಮ ಇಬ್ಬರೂ ದಿನಾ ನಿನ್ನನ್ನು ನೆನೆಯುತ್ತಾರೆ, ಇವತ್ತಾದರೂ ಅಮ್ಮನ ಫೋನ್ ಎತ್ತು, ಪತ್ರದ ವಿಷಯ ಹೇಳದಿದ್ದರೂ ಊಟದ ವಿಷಯವಾದರೂ ಹೇಳು. ನಿನ್ನ ಕೈಗೆ, ಆ ಹತ್ತೂ ಬೆರಳಿಗೆ, ನನ್ನ ಆಶೀರ್ವಾದ.

ನಿನ್ನ ಪ್ರೀತಿಯ,
ಅಜ್ಜಿ

ಮರೆತಿದ್ದೆ: ತಾತ ಅಂಚೆ ಡಬ್ಬಿಯ ಕಡೆ ಹೊರಟು ಚಪ್ಪಲಿ ಹಾಕಿಕೊಂಡು ನಿಂತಿದ್ದಾರೆ, ಬೇಗ ಬರೆಯುತ್ತೇನೆ. ನೀನು ಪತ್ರ ಬರೆದದ್ದು ನಿಮ್ಮ ಶಾಲೆಯ ಹಾಳೆಯ ಹಿಂಬದಿಯಲ್ಲಿ. ಅದರ ಮೇಲೆ ನಂಬರಿತ್ತು. ನಿಮ್ಮ ಮೇಡಮ್ಮಿಗೆ ಫೋನ್ ಮಾಡಿದೆ, ಬೈಯಬೇಡ. ಪರೀಕ್ಷೆಯ ಪಟ್ಟಿಯಿಂದ ಅವರು ನಿನ್ನ ಹೆಸರು ತೆಗೆದೇ ಇಲ್ಲ, ತಲೆ ಇಲ್ಲವೆಂದು ಮಾತ್ರ ಕಾಯುತ್ತಿದ್ದರಂತೆ. ಪರೀಕ್ಷೆಯ ಕೆಲಸ ಏನು ಎಂದೂ ಕೇಳಿದೆ. ಉದ್ದ ಬಿಡುತ್ತಿರುವ ಕೂದಲಿಗೆ ಉದ್ದ ಕಳೆಯದೆ ರೂಪ ಕೊಡಬೇಕಂತೆ, ಕೂದಲು ಹೆಗಲಿಗೆ ಬಂದಿರಬೇಕಂತೆ. ಒಂದು ಕಡೆ ಮಾತ್ರ ಬಂದಿದೆ ಎಂದೆ. ಫೋನಿನಲ್ಲೇ ಜೋರಾಗಿ ನಕ್ಕು, “ಅಂಥ ತಲೆ ನಮಗೆ ಹುಡುಕಿದ್ರೂ ಸಿಗಲ್ಲ, ಕರ್ಕೊಂಡ್ ಬರಕ್ಕೆ ಹೇಳಿ” ಎಂದರು. ಕರೆದುಕೊಂಡು ಬರುವುದೇನು, ನಾನೇ ಬರುತ್ತೇನೆ. ಬುಧವಾರ ಹತ್ತೊಂಬತ್ತು, ಸಂಜೆ ನಾಲ್ಕರ ಬಸ್ಸಿಗೆ ಇಳಿಯುತ್ತೇನೆ, ನಿಲ್ದಾಣಕ್ಕೆ ಬಾ. ಮೇಸ್ತ್ರಿ ಅವತ್ತು ತಂದೆಯ ಪುಸ್ತಕ ತಂದಿಟ್ಟರು, ನನ್ನ ಹತ್ತಿರ ಇರುವುದು ಈ ತಲೆಯೊಂದೇ. ಗುರುವಾರ ನಿನ್ನ ಕೈ ನಡುಗಿದರೆ ನಡುಗಲಿ, ಮೂರು ಸಲ ಅಳೆ, ನಾನು ಅಲ್ಲಾಡದೆ ಕೂರುತ್ತೇನೆ. ಹಿಂದಿನ ದಿನವೇ ತಲೆಗೆ ಸ್ನಾನ ಮಾಡಿಕೊಂಡು ಬರುತ್ತೇನೆ ಗುಬ್ಬಿ, ನೀನು ಕತ್ತರಿ ಎತ್ತುವ ಹೊತ್ತಿಗೆ ಪೂರ್ತಿ ಒಣಗಿರುತ್ತದೆ.