ಗೌರಿ ಹಾಲು ಬಿಡುವವರೆಗೆ

೪ ಜೂನ್ ೧೯೫೬, ಸೋಮವಾರ

ಅಗ್ರಹಾರಕ್ಕೆ ಹಾಲು ಹಾಕಿ ಬಂದೆ. ಸೈಕಲ್ ಪಂಕ್ಚರ್. ಬೋಗಾದಿವರೆಗೂ ತಳ್ಳಿದ್ದು. ದಾರಿಯಲ್ಲಿ ದೇವಿರಮ್ಮ ಸಿಕ್ಕಳು. ನಮ್ಮೂರಿನವಳೇ. ಅಗ್ರಹಾರದ ಅದೇ ಬೀದಿಗೆ ಅವಳೂ ಹಾಲು ಹಾಕುತ್ತಾಳೆ; ಅವಳದು ಹಸುವಿನದು, ನಮ್ಮದು ಎಮ್ಮೆಯದು. ಅವಳ ಹೆಸರೆತ್ತಿದರೆ ಅಪ್ಪನಿಗೆ ಮೈ ಉರಿಯುತ್ತದೆ. ನನಗೋ, ಅವಳನ್ನು ಕಾಣದ ದಿನ ಕಾಫಿಯೂ ರುಚಿಸದು. ಯಾರಿಗೆ ಹೇಳುವುದು...

ಇವತ್ತು ಅವಳ ಮುಖ ಸಪ್ಪಗಿತ್ತು. ಗಬ್ಬದ ಹಸು ಗೌರಿಗೆ ಹಾಲು ಬತ್ತಿದೆ. ಹೋದ ಸಲ ಹೀಗಾದಾಗ ಅವಳ ಚಿಕ್ಕಮ್ಮನ ಹಸುವಿನ ಹಾಲಿತ್ತು, ಈಗ ಆ ಹಸುವೂ ಮಾರಿಹೋಗಿದೆ. ಹಾಲು ತಪ್ಪಿದರೆ ದಿನಾ ಕೊಳ್ಳುವ ವರ್ತನೆ ಮನೆಗಳು ಕೈಬಿಡುತ್ತವೆ. ಕಾಯಿಲೆಯ ಅಪ್ಪನಿಗೂ ಅವಳಿಗೂ ಅದೇ ಅನ್ನ.

೯ ಜೂನ್, ಬೆಳಿಗ್ಗೆ

ನಮ್ಮ ಹಾಲಿಗೆ ನೀರು ಬೆರೆಸಿ ಹಸುವಿನ ಹಾಲಿನಂತೆ ತೆಳ್ಳಗೆ ಮಾಡಿದೆ. ಕೆರೆ ಏರಿಯ ಹತ್ತಿರ ಅವಳ ಬಿಂದಿಗೆಗೆ ಸುರಿದೆ.

"ಬ್ಯಾಡ ಕಣೋ. ಗೊತ್ತಾಗ್ಬುಡುತ್ತೆ."

"ಯಾರಿಗ್ ಗೊತ್ತಾಗುತ್ತೆ? ತಗೊಂಡ್ಹೋಗು."

ಅವಳು ನಕ್ಕಳು. ದಿನವೆಲ್ಲ ಅದೇ ನಗು ತಲೆಯಲ್ಲಿ.

೨೨ ಜೂನ್

ದೇವಿರಮ್ಮ ಹಾಲು ಹಾಕುವ ಅಂಬುಜಮ್ಮನವರ ಮಗುವಿಗೆ ಭೇದಿ. ಎರಡು ವಾರದಿಂದ ನಾನು ಕೊಡುತ್ತಿದ್ದುದನ್ನೇ ಹಸುವಿನ ಹಾಲೆಂದು ನಂಬಿ ಕುಡಿಸಿದ್ದರು. ಅವರ ಅತ್ತೆ ಕೆನೆಯಲ್ಲಿ ಹಳದಿಯೇ ಇಲ್ಲದ್ದು ನೋಡಿ, ಎಮ್ಮೆಯದೆಂದು ಹಿಡಿದರು. ದೇವಿರಮ್ಮನನ್ನು ಬೀದಿಯಲ್ಲಿ ನಿಲ್ಲಿಸಿ ಬೈದರಂತೆ. ನನ್ನ ಹೆಸರು ಹೇಳಲಿಲ್ಲ ಅವಳು. ಬೀದಿಗೆ ಬೀದಿಯೇ ಅವಳ ವರ್ತನೆ ನಿಲ್ಲಿಸಿತು. ಮಗು ಚೇತರಿಸಿಕೊಂಡಿದೆ, ಸದ್ಯ.

೨೪ ಜೂನ್

ತಡೆಯಲಾಗಲಿಲ್ಲ. ಹಾಲು ನಮ್ಮದು, ನೀರು ಬೆರೆಸಿದ್ದೂ ನಾನೇ ಎಂದು ಅಂಬುಜಮ್ಮನವರಿಗೆ ಹೇಳಿದೆ.

"ಊರಿನ ಹೆಣ್ಣುಮಗಳು ಅಂತ ಅವಳ ತಪ್ಪನ್ನ ನಿನ್ ತಲೆ ಮೇಲೆ ಹಾಕ್ಕೋತೀಯಲ್ಲ ಚೆಲುವರಾಜು, ಒಳ್ಳೇ ಹುಡುಗ. ನಾಳೆಯಿಂದ ನಮ್ಮನೆಗೂ ನೀನೇ ಹಾಕಪ್ಪ."

ಆಣೆ ಇಟ್ಟೆ. ನಕ್ಕರು. ಅವಳ ವರ್ತನೆ ಮನೆಗಳೆಲ್ಲ ಈಗ ನಮ್ಮವು. ಅಪ್ಪ ಬೆನ್ನು ತಟ್ಟಿದ: "ಈಗ್ ಕಲ್ತೆ ಕಣೋ ವ್ಯಾಪಾರಾನ." ಏನು ಮಾಡಲಿ ನಾನು?

೨ ಆಗಸ್ಟ್

ಗೌರಿ ಕರು ಹಾಕಿದೆ. ಹಾಲು ಕೊಳ್ಳುವ ಮನೆಯೇ ಇಲ್ಲ. ಹಸು, ಕರು ಎರಡನ್ನೂ ಮಾರಿದರು — ಕೊಂಡವನು ನಮ್ಮಪ್ಪ. ದೇವಿರಮ್ಮನನ್ನು ಮದುವೆಯಾಗುತ್ತೇನೆ ಎಂದು ಅಪ್ಪನಿಗೆ ಹೇಳಿದೆ.

"ಹಸ ಬಂತಲ್ಲ, ಸಾಕು" ಎಂದ.

ಅವಳು ತನ್ನ ಅಪ್ಪನನ್ನು ಕರೆದುಕೊಂಡು ನಂಜನಗೂಡಿನ ಸೋದರಮಾವನ ಮನೆಗೆ ಹೋಗುತ್ತಾಳಂತೆ. ಅಲ್ಲಿ ಮಾವನ ಮಗನಿದ್ದಾನೆ. ಗೌರಿ ಹೊಸ ಕೈಗೆ ಹಾಲು ಬಿಡುವುದಿಲ್ಲ. ಅಭ್ಯಾಸವಾಗುವವರೆಗೆ ಊರಲ್ಲೇ ಇದ್ದು ಅವಳೇ ಬಂದು ಹಿಂಡಿಕೊಡಬೇಕೆಂದು ಮಾತಾಗಿದೆ.

೫ ಆಗಸ್ಟ್

ಪಕ್ಕದಲ್ಲೇ ಕೂರುತ್ತಾಳೆ. ಅವಳು ಶುರು ಮಾಡಿ ನನಗೆ ಬಿಡುತ್ತಾಳೆ. ಗೌರಿ ಒದೆಯುತ್ತದೆ. ಬೇಕೆಂದೇ ಒರಟಾಗಿ ಹಿಡಿಯುತ್ತೇನೆ. ಒದೆಯುವಷ್ಟು ದಿನ ಅವಳು ಬರುತ್ತಾಳಲ್ಲ.

"ನೀನ್ ಬೇಕಂತ್ಲೇ ಮಾಡೋದು ನಂಗೊತ್ತು ಕಣೋ. ಅದಕ್ಕೆ ನೋಯುತ್ತೆ. ಬುಡು."

೮ ಆಗಸ್ಟ್, ಬುಧವಾರ

ಮೆತ್ತಗೆ ಹಿಂಡಿದೆ. ಗೌರಿ ಸುಮ್ಮನೆ ನಿಂತು ಹಾಲು ಬಿಟ್ಟಿತು. ದೇವಿರಮ್ಮ ಎದ್ದು ಕೈ ತೊಳೆದುಕೊಂಡಳು.

"ಇನ್ ನಾನ್ ಬರೋದ್ ಬ್ಯಾಡ."

ಹೋಗಬೇಡ ಎನ್ನಬೇಕಿತ್ತು. ಚೊಂಬು ಅರ್ಧ ತುಂಬಿತ್ತು. ಕೈ ತೆಗೆದರೆ ಗೌರಿ ಮತ್ತೆ ಹಾಲು ಬಿಡುವುದೋ ಇಲ್ಲವೋ... ಹಿಂಡುತ್ತಲೇ ಇದ್ದೆ. ತುಂಬಿದ ಮೇಲೆ ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಹೋಗಿಯಾಗಿತ್ತು.